ಕಬ್ಬು, ಮುಸುಕಿನ ಜೋಳದ ನಂತರ ಬೇರೆ ಬೆಳೆ: ಮಣ್ಣಿನಲ್ಲಿ ಕಳೆನಾಶಕ ಉಳಿದಿದೆಯೇ ಎಂದು ಪರೀಕ್ಷಿಸುವುದು ಹೇಗೆ?

"ಕಬ್ಬು ಕಡಿದ ಗದ್ದೆಗೆ ಟೊಮೆಟೊ ನಾಟಿ ಮಾಡಿದೆವು. ಎರಡು ವಾರ ಚೆನ್ನಾಗಿದ್ದ ಸಸಿಯ ಎಲೆ ಈಗ ಅಂಚಿನಿಂದ ಸುಡುತ್ತಿದೆ. ಇದು ಯಾವ ರೋಗ?" ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರ ಪ್ರಶ್ನೆ ಇನ್ನೊಂದು ಬಗೆಯದು: "ಜೋಳ ಮುರಿದ ಹೊಲಕ್ಕೆ ಬೀನ್ಸ್ ಬಿತ್ತಬಹುದೇ?" ಎರಡಕ್ಕೂ ಬುಡ ಒಂದೇ. ಹಿಂದಿನ ಬೆಳೆಗೆ ಹೊಡೆದ ಕಳೆನಾಶಕ ಆ ಬೆಳೆಯೊಂದಿಗೇ ಮುಗಿದುಹೋಗುವುದಿಲ್ಲ. ಒಂದಿಷ್ಟು ಮಣ್ಣಿನಲ್ಲಿ ಉಳಿಯುತ್ತದೆ. ಆ ಉಳಿಕೆಯನ್ನು ಮುಂದಿನ ಬೆಳೆ ತಾಳುತ್ತದೆಯೇ ಇಲ್ಲವೇ ಎಂಬುದನ್ನು ಬಿತ್ತಿದ ಮೇಲೆ ತಿಳಿದುಕೊಂಡರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಹೋದಂತೆಯೇ. ಬಿತ್ತುವ ಮೊದಲೇ, ಮನೆಯಂಗಳದಲ್ಲೇ, ಹೆಚ್ಚು ಖರ್ಚಿಲ್ಲದೆ ತಿಳಿದುಕೊಳ್ಳುವ ದಾರಿ ಇದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ನಾಲ್ಕು ಮಾತುಗಳ ಅರ್ಥ

ಸಕ್ರಿಯ ಅಂಶ: ಪೊಟ್ಟಣದಲ್ಲಿರುವ ಪುಡಿಯೆಲ್ಲವೂ ಕಳೆ ಕೊಲ್ಲುವುದಿಲ್ಲ. ಮುಸುಕಿನ ಜೋಳ, ಕಬ್ಬಿಗೆ ಹೊಡೆಯುವ ಅಟ್ರಾಜಿನ್ ಎಂಬ ಕಳೆನಾಶಕದ ಮೇಲೆ ಶೇ. 50 ಎಂದು ಬರೆದಿದ್ದರೆ ಅರ್ಧ ಭಾಗ ಮಾತ್ರ ನಿಜವಾದ ಕಳೆನಾಶಕ, ಉಳಿದದ್ದು ನೀರಿನಲ್ಲಿ ಕರಗಲು, ಹರಡಲು ನೆರವಾಗುವ ವಸ್ತು.

ಬೆಳೆಯ ಸಹಿಷ್ಣುತೆ: ಒಂದು ಕಳೆನಾಶಕವನ್ನು ತಾಳಿಕೊಳ್ಳುವ ಶಕ್ತಿ. ಮುಸುಕಿನ ಜೋಳ ಅಟ್ರಾಜಿನ್‌ಗೆ ಸಾಯುವುದಿಲ್ಲ ಏಕೆಂದರೆ ಅದರ ಗಿಡದೊಳಗಿನ ಕಿಣ್ವಗಳು ಅಟ್ರಾಜಿನ್ ಅನ್ನು ಬೇಗನೆ ನಿರುಪದ್ರವಿ ವಸ್ತುವನ್ನಾಗಿ ಬದಲಿಸುತ್ತವೆ. ಕಬ್ಬು ಮತ್ತು ಬಿಳಿಜೋಳಕ್ಕೂ ಈ ಶಕ್ತಿ ಇದೆ. ಬೀನ್ಸ್, ಸೌತೆ, ಟೊಮೆಟೊ, ಸಾಸಿವೆಗೆ ಇಲ್ಲ. ತಂಬಾಕಿನ ಸಸಿಗೂ ಇಲ್ಲ. ಈ ಶಕ್ತಿ ಎಲ್ಲ ಕಾಲಕ್ಕೂ ಒಂದೇ ಮಟ್ಟದಲ್ಲಿ ಇರುವುದಿಲ್ಲ ಎಂಬುದನ್ನು ನೆನಪಿಡಿ. ನೀರು ನಿಂತು ಬೇರು ಬಳಲಿದ್ದರೆ ತಾಳುವ ಬೆಳೆಯೂ ಪೆಟ್ಟು ತಿನ್ನುತ್ತದೆ.

ಉಳಿಕೆ: ಸಿಂಪಡಿಸಿದ ಕಳೆನಾಶಕದಲ್ಲಿ ಇನ್ನೂ ಕೊಳೆಯದೆ ಮಣ್ಣಿನಲ್ಲಿರುವ ಭಾಗ.

ಅರ್ಧಾಯುಷ್ಯ: ಮಣ್ಣಿಗೆ ಬಿದ್ದ ಕಳೆನಾಶಕ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ. ಅಟ್ರಾಜಿನ್‌ಗೆ ಇದು ಸಾಮಾನ್ಯವಾಗಿ 60 ದಿನಗಳ ಆಸುಪಾಸು, ಕಬ್ಬಿಗೆ ಬಳಸುವ ಡೈಯುರಾನ್‌ಗೆ ಸುಮಾರು 90 ದಿನ. 2,4-ಡಿ ಹದವಾದ ತೇವದಲ್ಲಿ ಕೆಲವೇ ವಾರಗಳಲ್ಲಿ ಕೊಳೆತುಹೋಗುತ್ತದೆ.

ಹಂತ 1: ಹೊಲದ ಚರಿತ್ರೆ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ಎರಡು ಬೆಳೆಗಳಿಗೆ ಯಾವ ಕಳೆನಾಶಕ, ಯಾವ ದಿನ, ಎಕರೆಗೆ ಎಷ್ಟು ಎಂದು ಬರೆಯಿರಿ. ವ್ಯಾಪಾರದ ಹೆಸರು ಸಾಲದು. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರು ಮತ್ತು ಶೇಕಡಾವಾರು ಬೇಕು. ಒಂದೇ ರಾಸಾಯನಿಕ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡು ರಾಸಾಯನಿಕ ಬೆರೆಸಿದ ಪೊಟ್ಟಣಗಳೂ ಈಗ ಸಾಕಷ್ಟಿವೆ.

ಹೊಲವನ್ನು ಗುತ್ತಿಗೆಗೆ ಕೊಟ್ಟು ಈಗ ವಾಪಸು ಪಡೆದಿದ್ದರೆ, ಅಥವಾ ನೀವೇ ಹೊಸದಾಗಿ ಗುತ್ತಿಗೆ ಹಿಡಿದಿದ್ದರೆ, ಹಿಂದೆ ಬೆಳೆದವರನ್ನು ಕೇಳಿ. ಶುಂಠಿಗೆ ಕೊಟ್ಟ ಹೊಲಗಳಲ್ಲಿ ಈ ವಿಚಾರಣೆ ಬಹಳ ಮುಖ್ಯ. ಹೆಸರು ನೆನಪಿಲ್ಲ ಎಂದರೆ ಬದುವಿನ ಬದಿಯಲ್ಲೋ ಪಂಪ್‌ಸೆಟ್ ಮನೆಯ ಹಿಂದೆಯೋ ಬಿದ್ದಿರುವ ಖಾಲಿ ಪೊಟ್ಟಣ, ಬಾಟಲಿ ಹುಡುಕಿ. ಅದರ ಫೋಟೊ ಸಾಕು.

ಇಲ್ಲಿ ಅನೇಕರು ಎಡವುವುದು ಡಬ್ಬಿಯ ಮೇಲಿನ ತ್ರಿಕೋನದ ವಿಷಯದಲ್ಲಿ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಮನುಷ್ಯರಿಗೆ ಎಷ್ಟು ವಿಷಕಾರಿ ಎಂಬುದನ್ನಷ್ಟೇ ಹೇಳುತ್ತವೆ. ಹಸಿರು ತ್ರಿಕೋನ ಇದೆ ಎಂದ ಮಾತ್ರಕ್ಕೆ ಮುಂದಿನ ಬೆಳೆಗೆ ಅಪಾಯವಿಲ್ಲ ಎಂದರ್ಥವಲ್ಲ.

ಹಂತ 2: ಎಷ್ಟು ಉಳಿದಿರಬಹುದು ಎಂದು ಲೆಕ್ಕ ಹಾಕಿ

ಮುಸುಕಿನ ಜೋಳಕ್ಕೆ ಎಕರೆಗೆ 800 ಗ್ರಾಂ ಅಟ್ರಾಜಿನ್ ಶೇ. 50 ಪುಡಿ ಹೊಡೆದಿರಿ ಎಂದುಕೊಳ್ಳಿ. ಸಕ್ರಿಯ ಅಂಶ 400 ಗ್ರಾಂ. 60 ದಿನಕ್ಕೆ 200 ಗ್ರಾಂ, ಜೋಳ ಮುರಿಯುವ 120ನೇ ದಿನದ ಹೊತ್ತಿಗೆ 100 ಗ್ರಾಂ ಉಳಿದಿರುತ್ತದೆ. ಅಂದರೆ ಹೊಡೆದದ್ದರಲ್ಲಿ ಕಾಲು ಭಾಗ ಇನ್ನೂ ಅಲ್ಲೇ ಇದೆ. ಅದೇ ವಾರ ಬೀನ್ಸ್ ಬಿತ್ತಿದರೆ ಅಪಾಯ. ತನಿ ಕಬ್ಬಿಗೆ, ಅಂದರೆ ಹೊಸದಾಗಿ ನೆಟ್ಟ ಕಬ್ಬಿಗೆ, ನಾಟಿಯ ಹೊತ್ತಿನಲ್ಲಿ ಇಷ್ಟೇ ಹೊಡೆದು ವರ್ಷದ ನಂತರ ಕಡಿದರೆ ಉಳಿಯುವುದು ಆರೇಳು ಗ್ರಾಂ ಮಾತ್ರ, ಭಯ ಕಡಿಮೆ. ಆದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಮತ್ತೆ ಹೊಡೆದು, ಇಳುವರಿ ಬರುವುದಿಲ್ಲವೆಂದು ನಾಲ್ಕೈದು ತಿಂಗಳಲ್ಲೇ ಕೂಳೆ ಕಿತ್ತು ತರಕಾರಿಗೆ ಹೊರಟವರ ಗದ್ದೆಯಲ್ಲಿ ಲೆಕ್ಕ ಪುನಃ ಮೊದಲಿನಿಂದ ಶುರುವಾಗುತ್ತದೆ.

ಈ ಲೆಕ್ಕವನ್ನು ಉದ್ದ ಮಾಡುವ ಸಂಗತಿಗಳು ಮೂರಿವೆ.

ಒಂದು, ಒಣಗಿದ ಮಣ್ಣು. ಕಳೆನಾಶಕವನ್ನು ಕೊಳೆಸುವವು ಮುಖ್ಯವಾಗಿ ಮಣ್ಣಿನ ಸೂಕ್ಷ್ಮಜೀವಿಗಳು, ಅವುಗಳಿಗೆ ತೇವ ಬೇಕು. 2023ರಂತಹ ಬರದ ವರ್ಷದಲ್ಲಿ, ನಾಲೆಯಲ್ಲಿ ನೀರಿಲ್ಲದೆ ಗದ್ದೆ ಬಿರುಕು ಬಿಟ್ಟು ಮಲಗಿದ್ದಾಗ, ಕ್ಯಾಲೆಂಡರಿನಲ್ಲಿ ದಿನ ಉರುಳಿದರೂ ಉಳಿಕೆ ಇಳಿದಿರುವುದಿಲ್ಲ. ಒಣ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂಬುದು ನನ್ನ ಸಲಹೆ.

ಎರಡು, ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರದ ಮಟ್ಟ. ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ಇದು ಇದೆ, ತೆಗೆದು ನೋಡಿ. 7.5 ದಾಟಿದ ಮಣ್ಣಿನಲ್ಲಿ ಅಟ್ರಾಜಿನ್ ಮತ್ತು ಸಲ್ಫೋನೈಲ್ ಯೂರಿಯಾ ಗುಂಪಿನ ಕಳೆನಾಶಕಗಳು ಹೆಚ್ಚು ಕಾಲ ನಿಲ್ಲುತ್ತವೆ. ಭತ್ತಕ್ಕೆ ಬಳಸುವ ಮೆಟ್‌ಸಲ್ಫ್ಯೂರಾನ್, ಕಬ್ಬಿನಲ್ಲಿ ಜೇಕು ಎಂಬ ಕಳೆಗೆ ಹೊಡೆಯುವ ಹ್ಯಾಲೊಸಲ್ಫ್ಯೂರಾನ್ ಎರಡೂ ಈ ಗುಂಪಿನವೇ. ಕಾಲುವೆ ಬಯಲಿನ ಚೌಳು ಗದ್ದೆಯವರು ಈ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ನೆಲಗಡಲೆ, ಸೋಯಾ ಅವರೆಗೆ ಹೊಡೆಯುವ ಇಮಾಝೆಥಾಪಿರ್ ಇದಕ್ಕೆ ವಿರುದ್ಧ. ಹುಳಿ ಮಣ್ಣಿನಲ್ಲಿ ಅದು ಹೆಚ್ಚು ದಿನ ಅಂಟಿಕೊಂಡಿರುತ್ತದೆ.

ಮೂರು, ಸಿಂಪರಣೆಯ ತಪ್ಪು. ಇದು ನಮ್ಮ ಕೈಯಲ್ಲೇ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೇ ಪಟ್ಟೆಯ ಮೇಲೆ ಎರಡು ಸಲ ಸಿಂಪರಣೆ ಕ್ಯಾನು ಓಡಿದರೆ ಅಲ್ಲಿ ಪ್ರಮಾಣ ಎರಡರಷ್ಟು. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ ಆ ಪಟ್ಟೆ ಉಳಿದ ಹೊಲಕ್ಕಿಂತ ಎರಡು ತಿಂಗಳು ಹಿಂದೆ ಬಿದ್ದಿದೆ. ಹೊಲದ ಅಂಚಿನಲ್ಲಿ ತಿರುಗುವಾಗ ಟ್ರಿಗರ್ ಬಿಡದಿರುವುದು, ಕೊನೆಗೆ ಕ್ಯಾನಿನಲ್ಲಿ ಉಳಿದದ್ದನ್ನು ಒಂದು ಮೂಲೆಗೆ ಸುರಿದು ಖಾಲಿ ಮಾಡುವುದು ಇವೆರಡೇ ಅತಿ ಹೆಚ್ಚು ಹಾನಿಗೆ ಕಾರಣ.

ಇದನ್ನು ತಪ್ಪಿಸಲು ಮುಂದಿನ ಸಲ ಹೊಡೆಯುವ ಮುನ್ನ ಒಂದು ಗುಂಟೆ ಜಾಗ, ಅಂದರೆ 33 ಅಡಿ ಉದ್ದ 33 ಅಡಿ ಅಗಲ, ಗೂಟ ನೆಟ್ಟು ಗುರುತು ಮಾಡಿ. ಕ್ಯಾನಿಗೆ ಅಳತೆ ಮಾಡಿದ ಬರಿ ನೀರು ತುಂಬಿ, ನೀವು ಎಂದಿನಂತೆ ನಡೆಯುವ ವೇಗದಲ್ಲೇ ಅಷ್ಟು ಜಾಗಕ್ಕೆ ಹೊಡೆಯಿರಿ. 5 ಲೀಟರ್ ಖರ್ಚಾದರೆ ಎಕರೆಗೆ 200 ಲೀಟರ್ ಬೇಕು ಎಂದಾಯಿತು. 16 ಲೀಟರ್ ಕ್ಯಾನಿನಲ್ಲಿ ಅದು ಹನ್ನೆರಡೂವರೆ ಕ್ಯಾನು. ಎಕರೆಗೆ 800 ಗ್ರಾಂ ಪುಡಿ ಎಂದರೆ ಕ್ಯಾನಿಗೆ 64 ಗ್ರಾಂ. "ಕ್ಯಾನಿಗೆ ಒಂದು ಮುಚ್ಚಳ" ಎಂಬ ಅಂದಾಜನ್ನು ದಯವಿಟ್ಟು ಬಿಡಿ. ಹುಳುವಿನ ಔಷಧಿಗೆ ಬಳಸುವ ಶಂಕುವಿನಾಕಾರದ ನಾಝಲ್ ಬೇಡ, ಫ್ಲಾಟ್ ಫ್ಯಾನ್ ಅಥವಾ ಫ್ಲಡ್ ಜೆಟ್ ನಾಝಲ್ ಹಾಕಿ. ಇಲ್ಲಿ ಕೊಟ್ಟ 800 ಗ್ರಾಂ ಲೆಕ್ಕ ಕಲಿಯಲಿಕ್ಕಾಗಿ ಮಾತ್ರ, ನಿಮ್ಮ ಬೆಳೆಗೆ ಮತ್ತು ಮಣ್ಣಿಗೆ ಎಷ್ಟು ಎಂಬುದನ್ನು ಲೇಬಲ್ ನೋಡಿಯೇ ತೀರ್ಮಾನಿಸಿ.

ಹಂತ 3: ಕುಂಡ ಪರೀಕ್ಷೆ

ಲೆಕ್ಕ ಎಂದಿಗೂ ಅಂದಾಜೇ. ನಿಜ ಹೇಳುವುದು ಮಣ್ಣು. ಪ್ರಯೋಗಾಲಯದಲ್ಲಿ ಉಳಿಕೆ ಅಳೆಯುವುದು ದುಬಾರಿ, ಫಲಿತಾಂಶ ಬರುವುದೂ ತಡ. ಅಳೆದು ಸಂಖ್ಯೆ ಕೊಟ್ಟರೂ ನಿಮ್ಮ ಬೀನ್ಸ್ ಬದುಕುತ್ತದೆಯೇ ಎಂದು ಆ ಸಂಖ್ಯೆ ಹೇಳುವುದಿಲ್ಲ. ಗಿಡವನ್ನೇ ಕೇಳುವ ವಿಧಾನ ಇದು. ಬಿತ್ತನೆಗೆ ಒಂದೂವರೆ ತಿಂಗಳು ಇರುವಾಗಲೇ ಶುರು ಮಾಡಿ.

ಬೇಕಾಗುವುದು: ತಳದಲ್ಲಿ ತೂತು ಮಾಡಿದ ಒಂದೇ ಅಳತೆಯ ಹನ್ನೆರಡು ಡಬ್ಬಿ ಅಥವಾ ನರ್ಸರಿ ಚೀಲ, ಸೌತೆ ಬೀಜ, ನೀವು ಮುಂದೆ ಬೆಳೆಯಬೇಕೆಂದಿರುವ ಬೆಳೆಯ ಬೀಜ, ಶುದ್ಧ ನೀರು. ಔಷಧಿ ತುಂಬಿದ್ದ ಡಬ್ಬಿ ಎಷ್ಟು ತೊಳೆದರೂ ಬೇಡ.

ಮಣ್ಣು ತೆಗೆಯುವುದು. ಹೊಲದ ಮಧ್ಯದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಎಂಟು ಹತ್ತು ಕಡೆ, ಮೇಲಿನ ನಾಲ್ಕರಿಂದ ಆರು ಅಂಗುಲದ ಮಣ್ಣನ್ನು ತೆಗೆದು ಒಟ್ಟಿಗೆ ಬೆರೆಸಿ. ಸಿಂಪರಣೆ ಮಾಡುವಾಗ ತಿರುಗಿದ ಅಂಚು, ನೀರು ಇಳಿದು ನಿಲ್ಲುವ ತಗ್ಗು, ಕ್ಯಾನು ತುಂಬಿಸಿದ ಜಾಗ ಇವುಗಳ ಮಣ್ಣನ್ನು ಬೇರೆಯಾಗಿಯೇ ಇಡಿ. ಎಲ್ಲವನ್ನೂ ಒಂದೇ ರಾಶಿಗೆ ಬೆರೆಸಿದರೆ ಕೆಟ್ಟ ಜಾಗದ ಉಳಿಕೆ ಒಳ್ಳೆಯ ಮಣ್ಣಿನಲ್ಲಿ ತೆಳುವಾಗಿ, ಪರೀಕ್ಷೆ ಸುಳ್ಳು ಹೇಳುತ್ತದೆ. ಮೂರನೆಯ ರಾಶಿ ಕಳೆನಾಶಕ ಕಾಣದ ಮಣ್ಣು, ಹೋಲಿಕೆಗಾಗಿ. ಬದುವಿಗೂ ಕಳೆನಾಶಕ ಹೊಡೆಯುವುದು ಈಗ ರೂಢಿಯಾಗಿರುವುದರಿಂದ ಬದುವಿನ ಮಣ್ಣನ್ನು ಕಣ್ಣು ಮುಚ್ಚಿ ತರಬೇಡಿ. ಅದೇ ಜಾತಿಯ, ಹೊಡೆದಿಲ್ಲ ಎಂದು ಖಚಿತವಾಗಿ ಗೊತ್ತಿರುವ ಜಾಗವೇ ಆಗಬೇಕು. ತಿಪ್ಪೆಯ ಪಕ್ಕದ ಮಣ್ಣೂ ಬೇಡ, ಅಲ್ಲಿ ಗಿಡ ಹೇಗಿದ್ದರೂ ಹುಲುಸಾಗಿಯೇ ಬರುತ್ತದೆ.

ಬಿತ್ತುವುದು. ತಂದ ಮಣ್ಣನ್ನು ದಿನಗಟ್ಟಲೆ ಚೀಲದಲ್ಲಿ ಇಡದೆ ಹೆಂಟೆ ಒಡೆದು ಕೂಡಲೇ ತುಂಬಿ. ಪ್ರತಿ ಬಗೆಯ ಮಣ್ಣಿಗೆ ಎರಡು ಡಬ್ಬಿ ಸೌತೆ, ಎರಡು ಡಬ್ಬಿ ನಿಮ್ಮ ಬೆಳೆ. ಡಬ್ಬಿಗೆ ಐದಾರು ಬೀಜ ಹಾಕಿ, ಮೊಳೆತ ಮೇಲೆ ಮೂರಕ್ಕೆ ಇಳಿಸಿ. ಹೆಸರು ಬರೆದು ಅಂಟಿಸಿ. ಯಾವ ಗೊಬ್ಬರವನ್ನೂ ಹಾಕಬೇಡಿ. ಸೌತೆಯನ್ನು ಹೇಳಿದ್ದೇಕೆಂದರೆ ಅಟ್ರಾಜಿನ್, ಸಲ್ಫೋನೈಲ್ ಯೂರಿಯಾ ಎರಡಕ್ಕೂ ಅದು ಬೇಗ ಸೋಲುತ್ತದೆ. ಹಿಂದಿನ ಬೆಳೆಗೆ ಪೆಂಡಿಮೆಥಾಲಿನ್ ಹೊಡೆದಿದ್ದರೆ ಸೌತೆಯ ಬದಲು ರಾಗಿ ಹಾಕಿ, ಸಣ್ಣ ಕಾಳಿನ ಧಾನ್ಯಗಳ ಬೇರು ಅದಕ್ಕೆ ಬೇಗ ಪ್ರತಿಕ್ರಿಯಿಸುತ್ತದೆ.

ಡಬ್ಬಿಗಳು ಪೂರ್ತಿ ಬಿಸಿಲಿನಲ್ಲಿರಲಿ. ಇದು ಬಹಳ ಮುಖ್ಯ. ಅಟ್ರಾಜಿನ್, ಮೆಟ್ರಿಬುಝಿನ್, ಡೈಯುರಾನ್ ಮೂರೂ ಎಲೆ ಬೆಳಕಿನಿಂದ ಆಹಾರ ತಯಾರಿಸುವ ಕೆಲಸವನ್ನೇ ತಡೆಯುತ್ತವೆ. ನೆರಳಿನ ಜಗುಲಿಯಲ್ಲಿಟ್ಟರೆ ಹಾನಿ ಸರಿಯಾಗಿ ಕಾಣದೆ ಮಣ್ಣು ಚೆನ್ನಾಗಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಕಾಯುವುದು. ಕನಿಷ್ಠ ಮೂರು ವಾರ. ಮೊದಲ ವಾರದಲ್ಲಿ ಎಲ್ಲ ಡಬ್ಬಿಯಲ್ಲೂ ಬೀಜ ಚೆನ್ನಾಗಿ ಮೊಳೆಯುತ್ತದೆ. ಅದನ್ನು ಕಂಡು ಮರುದಿನವೇ ಹೊಲ ಬಿತ್ತುವವರಿದ್ದಾರೆ, ಹಾಗೆ ಮಾಡಬೇಡಿ. ಬೀಜದೊಳಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಇರುವವರೆಗೆ ಸಸಿಗೆ ಎಲೆಯ ದುಡಿಮೆ ಬೇಕಿಲ್ಲ. ಆ ಬುತ್ತಿ ಮುಗಿದು ಎರಡು ಮೂರು ನಿಜವಾದ ಎಲೆ ಬಂದ ಮೇಲೆಯೇ ಅಟ್ರಾಜಿನ್ ಹಾನಿ ಬಯಲಾಗುವುದು.

ಹಂತ 4: ಫಲಿತಾಂಶ ಓದುವುದು

ಮೂರನೆಯ ವಾರ ಒಳ್ಳೆಯ ಮಣ್ಣಿನ ಡಬ್ಬಿ, ಹೊಲದ ಮಣ್ಣಿನ ಡಬ್ಬಿ ಅಕ್ಕಪಕ್ಕ ಇಟ್ಟು ಎತ್ತರ ಅಳೆಯಿರಿ, ಎಲೆ ನೋಡಿ, ಆಮೇಲೆ ಡಬ್ಬಿಯನ್ನು ನೀರಿನಲ್ಲಿ ನೆನೆಸಿ ಬೇರು ಹರಿಯದಂತೆ ಗಿಡ ತೆಗೆದು ಬೇರನ್ನೂ ನೋಡಿ.

ಹಳೆಯ, ಕೆಳಗಿನ ಎಲೆಗಳ ಅಂಚು ಮೊದಲು ಹಳದಿಯಾಗಿ ನಂತರ ಸುಟ್ಟಂತೆ ಒಣಗಿದರೆ ಅಟ್ರಾಜಿನ್, ಮೆಟ್ರಿಬುಝಿನ್ ಅಥವಾ ಡೈಯುರಾನ್. ಇದನ್ನು ಕಬ್ಬಿಣದ ಕೊರತೆ ಎಂದು ಭಾವಿಸಿ ಲಘು ಪೋಷಕಾಂಶ ಹೊಡೆಯುವುದುಂಟು. ಕಬ್ಬಿಣದ ಕೊರತೆ ಕಾಣುವುದು ಹೊಸ ಎಲೆಯಲ್ಲಿ, ಅದೂ ನರ ಹಸಿರಾಗಿಯೇ ಉಳಿದು ನಡುವೆ ಹಳದಿ. ತುದಿಯ ಬೆಳವಣಿಗೆ ನಿಂತು, ಎಳೆ ಎಲೆ ಹಳದಿ ಅಥವಾ ನೇರಳೆಗೆ ತಿರುಗಿ, ಬೇರಿನ ಕವಲು ಮೋಟಾಗಿ ಬ್ರಷ್ಷಿನಂತಾಗಿದ್ದರೆ ಇಮಾಝೆಥಾಪಿರ್ ಅಥವಾ ಸಲ್ಫೋನೈಲ್ ಯೂರಿಯಾ. ಬೇರು ಕುಳ್ಳಗಾಗಿ ತುದಿ ದಪ್ಪಗೆ ಊದಿದ್ದರೆ ಪೆಂಡಿಮೆಥಾಲಿನ್. ಎಳೆ ಎಲೆ ಬೆಳ್ಳಗೆ ಬಿಳಿಚಿಕೊಂಡರೆ ಜೋಳಕ್ಕೆ ಹೊಡೆದ ಟೆಂಬೊಟ್ರಿಯೋನ್ ಅಥವಾ ಟೊಪ್ರಮೆಝೋನ್ ಬಗ್ಗೆ ಅನುಮಾನಿಸಿ.

ಅನುಮಾನ ಉಳಿದರೆ ಇನ್ನೊಂದು ಉಪಾಯ. ಅಕ್ವೇರಿಯಂ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಕಾರ್ಬನ್ ತಂದು ನುಣ್ಣಗೆ ಪುಡಿ ಮಾಡಿ, ಹೊಲದ ಮಣ್ಣಿನ ಒಂದೆರಡು ಡಬ್ಬಿಗೆ ಒಂದೆರಡು ಚಮಚ ಚೆನ್ನಾಗಿ ಬೆರೆಸಿ ಮತ್ತೆ ಬಿತ್ತಿ. ಈ ಇದ್ದಿಲು ಕಳೆನಾಶಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದ್ದಿಲು ಬೆರೆಸಿದ ಡಬ್ಬಿಯ ಗಿಡ ಚೆನ್ನಾಗಿ ಬಂದು, ಬೆರೆಸದ್ದು ಸೊರಗಿದರೆ ಕಾರಣ ಉಳಿಕೆಯೇ. ಎರಡೂ ಸೊರಗಿದರೆ ಕಾರಣ ಬೇರೆ ಇದೆ: ಚೌಳು, ಜಂತುಹುಳು, ಪೋಷಕಾಂಶ ಅಥವಾ ರೋಗ.

ಹಂತ 5: ಉಳಿಕೆ ಇದೆ ಎಂದಾದರೆ

ತೇವ, ಗಾಳಿ, ಸಾವಯವ ಗೊಬ್ಬರ ಮೂರನ್ನು ಕೊಟ್ಟು ಸೂಕ್ಷ್ಮಜೀವಿಗಳಿಗೆ ಕೆಲಸ ಕೊಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಆಳವಾಗಿ ಉತ್ತು ಮೇಲ್ಮಣ್ಣನ್ನು ಕೆಳಗಿನ ಮಣ್ಣಿನೊಂದಿಗೆ ಬೆರೆಸಿ, ಹದ ನೋಡಿ ನೀರು ಕೊಡಿ. ರೋಟವೇಟರ್ ಮೇಲಿನ ನಾಲ್ಕೈದು ಅಂಗುಲವನ್ನಷ್ಟೇ ಕಲಸುವುದರಿಂದ ಅದೊಂದೇ ಸಾಲದು, ನೇಗಿಲು ಬೇಕು. ಒಂದು ತಿಂಗಳ ನಂತರ ಕುಂಡ ಪರೀಕ್ಷೆ ಮತ್ತೆ ಮಾಡಿ.

ಕಾಯಲು ಆಗದಿದ್ದರೆ ಬೆಳೆ ಬದಲಿಸಿ. ಅಟ್ರಾಜಿನ್ ಉಳಿದ ಹೊಲಕ್ಕೆ ಮುಸುಕಿನ ಜೋಳ ಅಥವಾ ಬಿಳಿಜೋಳ ಸೂಕ್ತ. ಭತ್ತ, ರಾಗಿ, ತೊಗರಿ, ಅಲಸಂದೆಗೆ ಹೋಗುವುದಾದರೆ ಆ ಬೀಜವನ್ನೇ ಡಬ್ಬಿಯಲ್ಲಿ ಹಾಕಿ ನೋಡಿದ ಮೇಲೆ ಹೋಗಿ. ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬು, ಡಯಾಂಚ ಬಿತ್ತುವವರಿಗೂ ಇದೇ ಮಾತು. ಗ್ಲೈಫೋಸೇಟ್ ಮಾತ್ರ ಬಳಸಿದ್ದ ಹೊಲವಾದರೆ ಇಷ್ಟು ಚಿಂತೆ ಬೇಡ, ಅದು ಮಣ್ಣಿನ ಕಣಕ್ಕೆ ಬಲವಾಗಿ ಅಂಟಿ ಮುಂದಿನ ಬೀಜಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗೆಂದು ಅದು ಬೇರೆ ಎಲ್ಲ ವಿಧದಲ್ಲೂ ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ.

ಹಂತ 6: ಕಳೆನಾಶಕ ಕೊಳ್ಳುವಾಗಲೇ ಮುಂದಿನ ಬೆಳೆ ತೀರ್ಮಾನಿಸಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಅಂಗಡಿಯಲ್ಲಿ "ಕಬ್ಬಿಗೆ ಕಳೆ ಔಷಧಿ ಕೊಡಿ" ಎಂದರೆ ಕಬ್ಬಿಗೆ ಹೊಂದುವುದನ್ನೇ ಕೊಡುತ್ತಾರೆ, ಕಬ್ಬಿನ ನಂತರ ಏನು ಎಂದು ಕೇಳುವುದಿಲ್ಲ. ನೀವು ಹೇಳಬೇಕು. ಡಬ್ಬಿಯೊಂದಿಗೆ ಬರುವ ಮಡಿಸಿದ ಕರಪತ್ರವನ್ನು ಎಸೆಯದೆ ಓದಿ. ಮುಂದಿನ ಬೆಳೆಗೆ ಬಿಡಬೇಕಾದ ಅಂತರ ಅದರಲ್ಲಿದ್ದರೆ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ.

ಕಬ್ಬಿನ ಸಾಲಿನ ನಡುವೆ ಬೀನ್ಸ್, ಅಲಸಂದೆ, ಸೋಯಾ ಅವರೆ ಹಾಕುವವರಿಗೆ ಮುಂದಿನ ಬೆಳೆ ಎಂದರೆ ಅದೇ ತಿಂಗಳ ಬೆಳೆ. ಅಲ್ಲಿ ಅಟ್ರಾಜಿನ್, ಮೆಟ್ರಿಬುಝಿನ್, 2,4-ಡಿ ಮೂರೂ ಬೇಡ. ಅಕ್ಕಪಕ್ಕ ಹಿಪ್ಪುನೇರಳೆ, ಟೊಮೆಟೊ ಇದ್ದರೆ ಗಾಳಿ ಬೀಸುವಾಗ 2,4-ಡಿ ಮುಟ್ಟಲೇಬೇಡಿ, ಗಾಳಿಯಲ್ಲಿ ತೇಲಿಹೋದ ಹನಿಗೇ ಎಲೆ ಮುರುಟುತ್ತದೆ. ಕಳೆನಾಶಕಕ್ಕೆ ಬೇರೆಯೇ ಕ್ಯಾನು ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಕ್ಯಾನು ಇದ್ದರೆ ವಾಷಿಂಗ್ ಸೋಡಾ ನೀರಿನಿಂದ ಮೂರು ಸಲ ಪೈಪು, ನಾಝಲ್ ಸಮೇತ ತೊಳೆಯಿರಿ. ತೊಳೆದ ನೀರು ನಾಲೆಗೆ ಸೇರಬಾರದು.

ಭತ್ತದವರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಪ್ರೆಟಿಲಾಕ್ಲೋರ್ ಶೇ. 50 ನಾಟಿ ಗದ್ದೆಗೆ. ಮೊಳಕೆ ಭತ್ತ ನೇರವಾಗಿ ಚೆಲ್ಲಿದ ಕೆಸರುಗದ್ದೆಗೆ ಶೇ. 30.7ರದ್ದು, ಏಕೆಂದರೆ ಅದರಲ್ಲಿ ಭತ್ತದ ಮೊಳಕೆಯನ್ನು ಕಾಪಾಡುವ ರಕ್ಷಕ ವಸ್ತು ಬೆರೆತಿದೆ. ಹೆಸರು ಒಂದೇ ಎಂದು ನಾಟಿ ಗದ್ದೆಯದನ್ನು ಚೆಲ್ಲಿದ ಗದ್ದೆಗೆ ಹಾಕಿದರೆ ಕಳೆಯೊಂದಿಗೆ ಭತ್ತವೂ ಹೋಗುತ್ತದೆ.

ಈಗಾಗಲೇ ಬಿತ್ತಿ, ಬೆಳೆ ಸುಡುತ್ತಿದ್ದರೆ

ಮಣ್ಣಿನಿಂದ ಏರಿದ ಕಳೆನಾಶಕಕ್ಕೆ ಮದ್ದಿಲ್ಲ. ಹೂ ಬರುವ ಟಾನಿಕ್ ಎಂದು ಮಾರುವುದಕ್ಕೆ ಹಣ ಸುರಿಯಬೇಡಿ. ಹೊಲವನ್ನೊಮ್ಮೆ ಎತ್ತರದಿಂದ ನೋಡಿ: ಹಾನಿ ಸಿಂಪರಣೆ ಸಾಗಿದ ದಿಕ್ಕಿನಲ್ಲಿ ಪಟ್ಟೆ ಪಟ್ಟೆಯಾಗಿ ಅಥವಾ ಅಂಚಿನಲ್ಲಿ ಗುಂಪಾಗಿ ಇದ್ದರೆ ಉಳಿಕೆ, ಎಲ್ಲೆಂದರಲ್ಲಿ ಚದುರಿದ್ದರೆ ರೋಗವಿರಬಹುದು. ಹೊಸ ಎಲೆ ಹಸಿರಾಗಿ ಬರುತ್ತಿದ್ದರೆ ಗಿಡ ಚೇತರಿಸಿಕೊಳ್ಳುತ್ತಿದೆ, ಬೇರು ವಲಯ ಒಣಗದಂತೆ ಹಗುರವಾಗಿ ನೀರು ಕೊಟ್ಟು ಒಂದು ವಾರ ನೋಡಿ. ಆ ಬೆಳೆಗೆ ಬೇರೆ ಯಾವ ಕಳೆನಾಶಕವನ್ನೂ ಈಗ ಹೊಡೆಯಬೇಡಿ, ಕಳೆಯನ್ನು ಕೈಯಿಂದಲೇ ತೆಗೆಸಿ. ಅರ್ಧಕ್ಕಿಂತ ಹೆಚ್ಚು ಗಿಡ ಸತ್ತಿದ್ದರೆ ಉತ್ತು, ತಾಳುವ ಬೆಳೆ ಬಿತ್ತುವುದೇ ಲಾಭ.

ಕೀಳುವ ಮೊದಲು ಒಳ್ಳೆಯ ಗಿಡ, ಕೆಟ್ಟ ಗಿಡ ಎರಡನ್ನೂ ಬೇರು ಸಮೇತ ತೆಗೆದು, ನೋಟ್‌ಬುಕ್ ಜೊತೆಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ, ಮೈಸೂರು ಜಿಲ್ಲೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ. ಫೋನಿನಲ್ಲಿ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತನಾಡಬಹುದು. ಕಳೆನಾಶಕದ ಗುಣಮಟ್ಟದ ಮೇಲೆಯೇ ಅನುಮಾನವಿದ್ದರೆ ಬಿಲ್ಲು, ಬ್ಯಾಚ್ ಸಂಖ್ಯೆ ಇರುವ ಖಾಲಿ ಪೊಟ್ಟಣ, ದಿನಾಂಕ ಇರುವ ಫೋಟೊ ಮೂರನ್ನೂ ಕೃಷಿ ಅಧಿಕಾರಿಗೆ ತೋರಿಸಬೇಕಾಗುತ್ತದೆ. ಆದ್ದರಿಂದ ಬಿಲ್ಲನ್ನು ಬೆಳೆ ಮುಗಿದ ಕೂಡಲೇ ಹರಿದು ಹಾಕದೆ, ಮುಂದಿನ ಬೆಳೆ ಕೊಯ್ಲಾಗುವವರೆಗೆ ಅದೇ ನೋಟ್‌ಬುಕ್‌ನಲ್ಲಿ ಅಂಟಿಸಿಡಿ.